ನಾಯಿ, ಬೆಕ್ಕು, ಕೋಳಿಗೆ ವಿಷದ ಹಾವು ಕಚ್ಚಿದರೆ: ಹಿತ್ತಿಲಿನಿಂದ ಆಸ್ಪತ್ರೆಯವರೆಗೆ ಏನೇನು ಮಾಡಬೇಕು

ಹೋದ ವರ್ಷ ಕಾರ್ತಿಕದ ಒಂದು ಸಂಜೆ. ನಮ್ಮ ನಾಯಿ ಕರಿಯ ಹಿತ್ತಿಲಲ್ಲಿ ತೆಂಗಿನ ಸಿಪ್ಪೆಯ ರಾಶಿ ಮುಂದೆ ನಿಂತು ಒಂದೇ ಸಮನೆ ಬೊಗಳುತ್ತಿದ್ದ. ರಾಶಿಯೊಳಗಿಂದ ಕುಕ್ಕರ್ ಆವಿ ಬಿಟ್ಟ ಹಾಗೆ ಉದ್ದಕ್ಕೆ ಬುಸುಗುಟ್ಟುವ ಸದ್ದು. ನಾನು ಟಾರ್ಚ್ ತರುವಷ್ಟರಲ್ಲಿ ಬೊಗಳು ನಿಂತು ಕುಂಯ್ ಅಂದ. ಮೇಲ್ದುಟಿಯಲ್ಲಿ ಎರಡು ಹನಿ ರಕ್ತ, ಅಷ್ಟೇ. ಹದಿನೈದು ನಿಮಿಷದಲ್ಲಿ ಮೂತಿ ಎರಡರಷ್ಟು ಊದಿತು. ಊತ ಗಂಟಲಿಗೆ ಇಳಿದು ಕೊರಳಪಟ್ಟಿ ಬಿಗಿಯತೊಡಗಿತು. ಬಕಲ್ ಬಿಚ್ಚೋಣ ಅಂದರೆ ಪಟ್ಟಿಯೊಳಗೆ ಬೆರಳೇ ತೂರಲಿಲ್ಲ, ಕೊನೆಗೆ ಕತ್ತರಿಯಿಂದ ಕತ್ತರಿಸಿದೆ.

ಕಚ್ಚಿದ್ದು ಕೊಳಕುಮಂಡಲ. ಕರಿಯ ಬದುಕಿದ. ಆದರೆ ಆ ಸಂಜೆ ನಾವು ಮುಕ್ಕಾಲು ಗಂಟೆ ಸುಮ್ನೆ ಕಳೆದೆವು. ಫೋನ್ ಮಾಡದೆ ಹತ್ತಿರದ ಕ್ಲಿನಿಕ್‌ಗೆ ಓಡಿದ್ದೆವು. ಅಲ್ಲಿ ಹಾವಿನ ಇಂಜೆಕ್ಷನ್ ಇರಲಿಲ್ಲ. ಇನ್ನೊಂದು ಊರಿಗೆ ಗಾಡಿ ತಿರುಗಿಸಿದೆವು. ಆ ಮುಕ್ಕಾಲು ಗಂಟೆ ನಿಮಗೆ ಉಳಿಯಲಿ ಅಂತಲೇ ಇದನ್ನು ಇಷ್ಟು ವಿವರವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ, ನಾಯಿ, ಕೋಳಿ ಸಾಕಿಕೊಂಡಿರುವವನು. ಚಿಕಿತ್ಸೆ ಮಾಡುವುದು ಪಶುವೈದ್ಯರ ಕೆಲಸ. ಅವರ ಕೈಗೆ ಪ್ರಾಣಿಯನ್ನು ಬೇಗ, ಇನ್ನಷ್ಟು ಕೆಡದ ಹಾಗೆ ಮುಟ್ಟಿಸುವುದು ನಮ್ಮ ಕೆಲಸ.

ಮೊದಲ ಐದು ನಿಮಿಷ

ಮೊದಲು ಹಾವಿನಿಂದ ದೂರ ಸರಿಯಿರಿ. ನಾಯಿಯನ್ನು ಕರೆದರೆ ಬರುತ್ತದೆ ಅಂದರೆ ಕರೆಯಿರಿ, ಇಲ್ಲವಾದರೆ ಹಗ್ಗ ಹಾಕಿ ಎಳೆದುಕೊಳ್ಳಿ, ಆದರೆ ಯಾವ ಕಾರಣಕ್ಕೂ ಹಾವು ಮತ್ತು ನಾಯಿಯ ನಡುವೆ ಕೈ ಹಾಕಬೇಡಿ. ಒಂದು ಸಲ ಕಚ್ಚಿದ ಹಾವಿನಲ್ಲಿ ವಿಷ ಖಾಲಿಯಾಗಿರುತ್ತದೆ ಅನ್ನುವುದು ಸುಳ್ಳು. ಅದು ಮತ್ತೆ ಕಚ್ಚುತ್ತದೆ, ನಿಮ್ಮನ್ನೂ ಕಚ್ಚುತ್ತದೆ.

ಎರಡನೆಯದು, ಮೈಮೇಲೆ ಬಿಗಿಯಾಗಿ ಇರುವುದನ್ನೆಲ್ಲ ತೆಗೆಯಿರಿ. ಕೊರಳಪಟ್ಟಿ, ಎದೆಗೆ ಹಾಕುವ ಬೆಲ್ಟ್, ಗೆಜ್ಜೆ, ಬೆಕ್ಕಿನ ಕತ್ತಿನ ಗಂಟೆ, ಕೋಳಿ ಕಾಲಿನ ರಿಂಗು ಅಥವಾ ದಾರ, ಎಲ್ಲವನ್ನೂ. ಊತ ಬಂದ ಮೇಲೆ ತೆಗೆಯೋಣ ಅಂದುಕೊಳ್ಳಬೇಡಿ. ಕರಿಯನ ಪಟ್ಟಿ ಇನ್ನು ಐದು ನಿಮಿಷ ಹಾಗೇ ಇದ್ದಿದ್ದರೆ ವಿಷಕ್ಕಿಂತ ಮೊದಲು ಅದೇ ಅವನನ್ನು ಕೊಲ್ಲುತ್ತಿತ್ತು.

ಮೂರನೆಯದು, ನಡೆಸಬೇಡಿ. ಓಡಾಡಿದಷ್ಟೂ ವಿಷ ಬೇಗ ಮೈಗೆ ಹರಡುತ್ತದೆ. ಚಿಕ್ಕ ನಾಯಿಯನ್ನು ಎತ್ತಿಕೊಳ್ಳಿ. ದೊಡ್ಡದನ್ನು ಕಂಬಳಿಯ ಮೇಲೆ ಮಲಗಿಸಿ ಇಬ್ಬರು ನಾಲ್ಕು ಮೂಲೆ ಹಿಡಿದು ಗಾಡಿಗೆ ಒಯ್ಯಿರಿ. ಬೆಕ್ಕಿಗೆ ಗಾಳಿಯಾಡುವ ಬುಟ್ಟಿ ಅಥವಾ ತೂತು ಮಾಡಿದ ರಟ್ಟಿನ ಡಬ್ಬಿ ಸಾಕು. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು, ದಪ್ಪ ಟವೆಲ್ ಸುತ್ತಿಕೊಂಡು ಹಿಡಿಯಿರಿ. ಆದರೆ ಮುಖ ಊದಿದ್ದರೆ, ವಾಂತಿಯಾಗುತ್ತಿದ್ದರೆ, ಉಸಿರಿಗೆ ಕಷ್ಟಪಡುತ್ತಿದ್ದರೆ ಬಾಯಿ ಕಟ್ಟಲೇಬೇಡಿ.

ಇಷ್ಟು ಮಾಡುತ್ತಿರುವಾಗಲೇ ಮನೆಯ ಇನ್ನೊಬ್ಬರು ಫೋನ್ ಹಿಡಿದಿರಬೇಕು. ಕಚ್ಚಿದ ಗಂಟೆ ನೋಡಿಕೊಳ್ಳಿ. ಊತದ ಅಂಚು ಎಲ್ಲಿದೆಯೋ ಅಲ್ಲಿ ಪೆನ್ನಿನಿಂದ ಒಂದು ಗೆರೆ ಎಳೆದು ಪಕ್ಕದಲ್ಲಿ ಸಮಯ ಬರೆದರೆ ಡಾಕ್ಟರಿಗೆ ತುಂಬಾ ಉಪಯೋಗ. ಕೂದಲು ದಟ್ಟವಾಗಿದ್ದರೆ ಮೊಬೈಲಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಸಮಯ ಅದರಲ್ಲೇ ಇರುತ್ತದೆ. ಮನೆಯಲ್ಲಿ ಮಾಡುವುದು ಇಲ್ಲಿಗೆ ಮುಗಿಯಿತು.

ಮಾಡಲೇಬಾರದ ಕೆಲಸಗಳು

ನನ್ನ ಅಮ್ಮ ಅರಿಶಿನ, ಸುಣ್ಣ ಕಲಸಿಕೊಂಡು ಬಂದಿದ್ದರು. ಪ್ರೀತಿಯಿಂದಲೇ ತಂದದ್ದು. ಆದರೆ ಹಲ್ಲು ಇಳಿದ ಜಾಗದಿಂದ ವಿಷ ಆಗಲೇ ಒಳಗೆ ಹೋಗಿರುತ್ತದೆ, ಮೇಲೆ ಏನು ಬಳಿದರೂ ಅದನ್ನು ಮುಟ್ಟುವುದಿಲ್ಲ. ಸುಣ್ಣ ಚರ್ಮವನ್ನು ಸುಡುತ್ತದೆ, ಬಣ್ಣ ಬಳಿದ ಗಾಯ ಡಾಕ್ಟರಿಗೆ ಸರಿಯಾಗಿ ಕಾಣುವುದೂ ಇಲ್ಲ.

ಹಗ್ಗ ಬಿಗಿದು ಕಟ್ಟಬೇಡಿ. ಕೊಳಕುಮಂಡಲದಂಥ ಮಂಡಲದ ಹಾವುಗಳ ವಿಷ ಇದ್ದ ಜಾಗದ ಮಾಂಸವನ್ನೇ ಕೊಳೆಸುತ್ತದೆ, ಅಂಥ ವಿಷವನ್ನು ಒಂದೇ ಕಡೆ ಕಟ್ಟಿಹಾಕಿದರೆ ಕಾಲೇ ಹೋಗಬಹುದು. ಕಟ್ಟನ್ನು ತಟ್ಟನೆ ಬಿಚ್ಚಿದಾಗ ನಿಂತಿದ್ದ ವಿಷ ಒಮ್ಮೆಲೇ ಮೈಗೆ ನುಗ್ಗುವ ಅಪಾಯವೂ ಇದೆ. ಬ್ಲೇಡಿನಿಂದ ಕೊಯ್ಯುವುದು, ಬಾಯಲ್ಲಿ ಹೀರುವುದು, ಐಸ್ ಇಡುವುದು, ಕರೆಂಟ್ ಕೊಡುವುದು, ವಿಷ ಹೀರುವ ಕಲ್ಲು ಅಂಟಿಸುವುದು ಯಾವುದೂ ಬೇಡ. ಮಂಡಲ ಕಚ್ಚಿದ ಪ್ರಾಣಿಯ ರಕ್ತ ಹೆಪ್ಪುಗಟ್ಟುವುದಿಲ್ಲ. ಅಂಥದ್ದನ್ನು ಕೊಯ್ದರೆ ಆ ಗಾಯದಿಂದಲೇ ರಕ್ತ ಸೋರಿ ಸಾಯಬಹುದು.

ಕೋಳಿ ಸಾಕುವವರಿಗೆ ಗೊತ್ತಿರುವ ಇನ್ನೊಂದು ಹಳೇ ಪದ್ಧತಿ ಇದೆ. ಮನುಷ್ಯರಿಗೆ ಹಾವು ಕಚ್ಚಿದರೆ ಜೀವಂತ ಕೋಳಿಯ ಗುದವನ್ನು ಗಾಯಕ್ಕೆ ಒತ್ತಿ ಹಿಡಿಯುವುದು, ಕೋಳಿ ಸತ್ತರೆ ವಿಷ ಹೀರಿತು ಅನ್ನುವುದು. ಕೋಳಿ ಸಾಯುವುದು ಹಿಡಿತಕ್ಕೆ, ಗಾಬರಿಗೆ, ಉಸಿರುಕಟ್ಟಿ. ಈ ಕೆಲಸದಲ್ಲಿ ಹಾಳಾಗುವುದು ಮನುಷ್ಯನ ಅಮೂಲ್ಯವಾದ ಹೊತ್ತು. ಜತೆಗೆ ಪಾಪ, ಸಾಲಾಗಿ ಕೋಳಿಗಳ ಜೀವ.

ಇನ್ನು ಮಾತ್ರೆಗಳು. ಇದನ್ನು ಸ್ವಲ್ಪ ಒತ್ತಿ ಹೇಳಬೇಕು. ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ, ಒಂದೇ ಮಾತ್ರೆ ಕೊಲ್ಲಬಹುದು. ಐಬುಪ್ರೊಫೆನ್, ಡೈಕ್ಲೋಫೆನಾಕ್ ನಾಯಿಯ ಹೊಟ್ಟೆಯಲ್ಲಿ ರಕ್ತ ಸೋರಿಸುತ್ತವೆ, ಕಿಡ್ನಿ ಕೆಡಿಸುತ್ತವೆ. ಮಂಡಲದ ವಿಷ ಮಾಡುವುದೂ ಅದನ್ನೇ, ಅಂದರೆ ನೀವು ವಿಷಕ್ಕೆ ಜತೆ ಕೊಟ್ಟ ಹಾಗೆ. ದಾರಿಯಲ್ಲಿ ಸಿಕ್ಕ ಯಾರಿಂದಲೋ ತೊಡೆಗೆ ಇಂಜೆಕ್ಷನ್ ಚುಚ್ಚಿಸುವುದೂ ಬೇಡ. ಹೆಪ್ಪುಗಟ್ಟದ ರಕ್ತ ಚುಚ್ಚಿದ ಜಾಗದಲ್ಲೆಲ್ಲ ಗಡ್ಡೆಯಾಗಿ ತುಂಬಿಕೊಳ್ಳುತ್ತದೆ. ಹಾಲು, ಎಣ್ಣೆ, ಮೆಣಸಿನ ಕಷಾಯ ಗಂಟಲಿಗೆ ಸುರಿಯಬೇಡಿ. ನಾಗರ ಅಥವಾ ಕಟ್ಟುಹಾವು ಕಚ್ಚಿದ್ದರೆ ನುಂಗುವ ಶಕ್ತಿ ಹೋಗಿರುತ್ತದೆ, ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಹಾವನ್ನು ಕೊಂದು ತರುವ ಅಗತ್ಯ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಮೇಲಾಗಿ ಸತ್ತ ಹಾವಿನ ತಲೆಯೂ ಸ್ವಲ್ಪ ಹೊತ್ತು ಕಚ್ಚಬಲ್ಲದು. ದೂರದಿಂದ ಜೂಮ್ ಮಾಡಿ ಒಂದು ಫೋಟೋ ಸಿಕ್ಕರೆ ಸರಿ, ಸಿಗದಿದ್ದರೆ ಬಿಡಿ.

ಯಾವ ಹಾವು, ಏನು ಲಕ್ಷಣ

ನಮ್ಮ ಕಡೆ ಸಾವುನೋವಿಗೆ ಮುಖ್ಯ ಕಾರಣ ನಾಲ್ಕು ಹಾವು. ಕೊಳಕುಮಂಡಲ ದಪ್ಪ ಮೈಯದು, ಕಂದು ಬಣ್ಣ, ಬೆನ್ನ ಮೇಲೆ ಸರಪಳಿಯಂತೆ ಮೂರು ಸಾಲು ಮಚ್ಚೆ. ಹೆಬ್ಬಾವಿನ ಮರಿ ಅಂದುಕೊಂಡು ಜನ ಮೋಸಹೋಗುತ್ತಾರೆ. ಗರಗಸ ಮಂಡಲ ಚಿಕ್ಕದು, ಒಣ ಬಯಲುಸೀಮೆಯ ಕಲ್ಲುಗುಡ್ಡದಲ್ಲಿ ಜಾಸ್ತಿ, ಸುರುಳಿ ಸುತ್ತಿ ಮೈ ಉಜ್ಜಿ ಗರಗರ ಸದ್ದು ಮಾಡುತ್ತದೆ. ನಾಗರಹಾವನ್ನು ಹೆಡೆಯಿಂದಲೇ ಗುರುತಿಸಬಹುದು. ಕಟ್ಟುಹಾವು, ಕೆಲವು ಕಡೆ ಕಡಂಬಳ ಅನ್ನುತ್ತಾರೆ, ಹೊಳೆಯುವ ಕಪ್ಪು ಮೈ, ಸಣ್ಣ ಬಿಳಿ ಪಟ್ಟೆಗಳು, ಓಡಾಡುವುದು ರಾತ್ರಿ.

ಹಾವು ಕಾಣದಿದ್ದರೆ ಪ್ರಾಣಿಯ ಮೈಯೇ ಹೇಳುತ್ತದೆ. ಮಂಡಲದ ಕಡಿತದಲ್ಲಿ ಊತ ಬೇಗ ಏರುತ್ತದೆ, ತುಂಬಾ ನೋವು, ಕಚ್ಚಿದ ತೂತಿನಿಂದ ರಕ್ತ ನಿಲ್ಲದೆ ಜಿನುಗುತ್ತದೆ. ತುಟಿ ಎತ್ತಿ ಒಸಡು ನೋಡಿ, ಅಲ್ಲಿ ಸಣ್ಣ ಕೆಂಪು ಚುಕ್ಕೆ ಅಥವಾ ರಕ್ತ ಇರಬಹುದು. ಆಮೇಲೆ ಮೂತ್ರ ಕೆಂಪಾಗಿ ಇಲ್ಲವೇ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ಬರುತ್ತದೆ. ನಾಗರದ್ದರಲ್ಲಿ ಊತವೂ ಇರುತ್ತದೆ, ಜತೆಗೆ ರೆಪ್ಪೆ ಜೋಲುವುದು, ಜೊಲ್ಲು ಸುರಿಯುವುದು, ಹಿಂಗಾಲು ತಡವರಿಸುವುದು, ಕೊನೆಗೆ ಉಸಿರಾಟ ನಿಧಾನವಾಗುವುದು.

ನನಗೆ ಎಲ್ಲಕ್ಕಿಂತ ಭಯ ಕಟ್ಟುಹಾವಿನದು. ಊತ ಇಲ್ಲ, ರಕ್ತ ಇಲ್ಲ, ಹಲ್ಲಿನ ಗುರುತು ಹುಡುಕಿದರೂ ಸಿಗುವುದಿಲ್ಲ. ರಾತ್ರಿ ಚೆನ್ನಾಗಿದ್ದ ನಾಯಿ ಬೆಳಗ್ಗೆ ಎದ್ದು ನಿಲ್ಲಲಾರದು, ಧ್ವನಿ ಬದಲಾಗಿರುತ್ತದೆ, ಕಣ್ಣು ಅರ್ಧ ಮುಚ್ಚಿರುತ್ತದೆ. ನಿದ್ದೆ ಮಾಡುತ್ತಿದೆ ಬಿಡು ಅನ್ನುತ್ತೇವೆ. ಮಳೆಗಾಲದ ಬೆಳಗ್ಗೆ ಹೀಗೆ ಕಂಡರೆ ಕಾಯಲೇಬೇಡಿ. ಒಂದು ಎಚ್ಚರಿಕೆ: ಜೊಲ್ಲು, ಜೋತ ದವಡೆ ಹುಚ್ಚುನಾಯಿ ರೋಗದಲ್ಲೂ ಇರುತ್ತದೆ. ಲಸಿಕೆ ಹಾಕಿಸದ ನಾಯಿಯಾದರೆ ಬಾಯಿಗೆ ಬರಿಗೈ ಹಾಕಬೇಡಿ, ಡಾಕ್ಟರಿಗೂ ಇದನ್ನು ಮೊದಲೇ ಹೇಳಿ.

ಫೋನ್ ಮತ್ತು ದಾರಿ

ಪಶುಗಳಿಗೆ ಸಹಾಯವಾಣಿ 1962, ನಮ್ಮ ರಾಜ್ಯದಲ್ಲಿ ಪಶು ಸಂಜೀವಿನಿ ವಾಹನಗಳು ಇದೇ ನಂಬರಿನವು. ಆದರೆ ವಾಹನ ಬರುವವರೆಗೆ ಕಾಯಬೇಕೋ, ನಾವೇ ಒಯ್ಯಬೇಕೋ ಅನ್ನುವುದನ್ನು ದೂರ ನೋಡಿ ತೀರ್ಮಾನಿಸಿ. ಯಾವ ಆಸ್ಪತ್ರೆಗೆ ಫೋನ್ ಮಾಡಿದರೂ ಕೇಳಬೇಕಾದ್ದು ಮೂರೇ ಪ್ರಶ್ನೆ. ಏಎಸ್‌ವಿ, ಅಂದರೆ ಹಾವಿನ ವಿಷಕ್ಕೆ ಕೊಡುವ ಇಂಜೆಕ್ಷನ್ ಇದೆಯಾ? ಎಷ್ಟು ವಯಲ್ (ಔಷಧಿಯ ಪುಟ್ಟ ಸೀಸೆ) ಇದೆ? ಈಗ ಡಾಕ್ಟರ್ ಇದ್ದಾರಾ? ಫೋನ್ ಮಾಡಿ ಇವನ್ನು ಕೇಳದೆ ಹೊರಟಿದ್ದೇ ನಾವು ಮಾಡಿದ ತಪ್ಪು.

ಈ ಕರೆಗಳನ್ನು ಹಾವು ಕಚ್ಚಿದ ದಿನ ಮಾಡುವುದಕ್ಕಿಂತ ಇವತ್ತೇ ಮಾಡಿಟ್ಟುಕೊಳ್ಳುವುದು ಒಳ್ಳೆಯದು. ಕಾರಣ, ಪ್ರಾಣಿಗಳಿಗೆ ಅಂತ ಬೇರೆ ಏಎಸ್‌ವಿ ಇಲ್ಲಿ ಸಾಮಾನ್ಯವಾಗಿ ಸಿಗುವುದಿಲ್ಲ, ಮನುಷ್ಯರಿಗೆ ಕೊಡುವುದನ್ನೇ ಕೊಡುತ್ತಾರೆ. ಎಲ್ಲ ಪಶು ಆಸ್ಪತ್ರೆಯಲ್ಲೂ ದಾಸ್ತಾನು ಇರುವುದಿಲ್ಲ. ಕೆಲವು ಕಡೆ ಡಾಕ್ಟರ್ ಚೀಟಿ ಬರೆದುಕೊಟ್ಟು ಮೆಡಿಕಲ್ ಶಾಪಿನಿಂದ ತರಿಸುತ್ತಾರೆ. ಆದ್ದರಿಂದ ರಾತ್ರಿಯೂ ತೆರೆದಿರುವ ದೊಡ್ಡ ಔಷಧಿ ಅಂಗಡಿಯ ನಂಬರೂ ನಿಮ್ಮ ಹತ್ತಿರ ಇರಲಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್, ಗದಗದಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ಆಸುಪಾಸಿನವರು ಅಲ್ಲಿನ ಆಸ್ಪತ್ರೆಯ ಸಮಯ ವಿಚಾರಿಸಿಟ್ಟುಕೊಳ್ಳಿ.

ದಾರಿಯಲ್ಲಿ ನಾಯಿಯನ್ನು ಒಂದು ಮಗ್ಗುಲಿಗೆ ಮಲಗಿಸಿ, ಕತ್ತು ನೇರವಾಗಿ ಚಾಚಿರಲಿ, ಬಾಯಿಯ ಜೊಲ್ಲು ಹೊರಗೆ ಹರಿಯುವ ಹಾಗೆ ತಲೆ ಸ್ವಲ್ಪ ತಗ್ಗಿರಲಿ. ನಾಲಿಗೆ ಹಿಂದಕ್ಕೆ ಬಿದ್ದಿದ್ದರೆ ಬಟ್ಟೆಯಿಂದ ಹಿಡಿದು ಮುಂದಕ್ಕೆ ಎಳೆಯಿರಿ. ನೀರು, ಊಟ ಏನೂ ಬೇಡ. ಎದೆಯ ಏರಿಳಿತ ನೋಡುತ್ತಾ ಕೂರಲು ಒಬ್ಬರು ಹಿಂದೆ ಇರಲೇಬೇಕು.

ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ

ಕರಿಯನ ಮುಂಗಾಲಿನ ನರದಿಂದ ಡಾಕ್ಟರು ಎರಡು ಮಿಲಿಲೀಟರ್ ರಕ್ತ ತೆಗೆದು ಒಣಗಿದ ಗಾಜಿನ ಟ್ಯೂಬಿಗೆ ಹಾಕಿ ಮೇಜಿನ ಮೇಲೆ ನಿಲ್ಲಿಸಿದರು. ಮುಟ್ಟಬೇಡಿ, ಅಲ್ಲಾಡಿಸಬೇಡಿ ಅಂದರು. ಇಪ್ಪತ್ತು ನಿಮಿಷ ಆದ ಮೇಲೆ ಟ್ಯೂಬನ್ನು ಮೆಲ್ಲಗೆ ಓರೆ ಮಾಡಿದರು. ಗಟ್ಟಿಯಾಗಿ ತಳಕ್ಕೆ ಅಂಟಿರಬೇಕಿದ್ದ ರಕ್ತ ನೀರಿನಂತೆ ಗಾಜಿನ ಉದ್ದಕ್ಕೂ ಹರಿಯಿತು. ಆ ಕೆಂಪು ಹರಿವು ನನಗೆ ಇವತ್ತಿಗೂ ಕಣ್ಣ ಮುಂದಿದೆ. ಇದು ತುಂಬಾ ಸರಳ ಪರೀಕ್ಷೆ, ಯಂತ್ರ ಬೇಡ. ಪ್ಲಾಸ್ಟಿಕ್ ಟ್ಯೂಬಾಗಲಿ, ಸೋಪಿನಲ್ಲಿ ತೊಳೆದ ಗಾಜಾಗಲಿ ಆಗುವುದಿಲ್ಲ, ತಪ್ಪು ಉತ್ತರ ಕೊಡುತ್ತದೆ.

ಇಲ್ಲಿ ನೀವು ಒಂದು ವಿಷಯ ಹೇಳಲೇಬೇಕು: ಮನೆಯಲ್ಲಿ ಇಲಿ ಪಾಷಾಣ ಇಟ್ಟಿದ್ದೀರಾ? ಈಗ ಸಿಗುವ ಎಷ್ಟೋ ಇಲಿ ಬಿಲ್ಲೆಗಳೂ ರಕ್ತ ಹೆಪ್ಪುಗಟ್ಟದ ಹಾಗೆ ಮಾಡುತ್ತವೆ. ಟ್ಯೂಬಿನಲ್ಲಿ ಎರಡೂ ಒಂದೇ ತರ ಕಾಣುತ್ತದೆ. ಅದಕ್ಕೆ ಮದ್ದು ವಿಟಮಿನ್ ಕೆ, ಏಎಸ್‌ವಿ ಅಲ್ಲ. ಊತವಿಲ್ಲದೆ ಬರೀ ರಕ್ತ ಸೋರುವ ನಾಯಿಯಲ್ಲಿ ಈ ಮಾತು ಜೀವ ಉಳಿಸಬಹುದು.

ಏಎಸ್‌ವಿ ಅಂದರೆ ಕುದುರೆಗೆ ಸ್ವಲ್ಪ ಸ್ವಲ್ಪವೇ ವಿಷ ಕೊಟ್ಟು, ಅದರ ರಕ್ತದಲ್ಲಿ ಹುಟ್ಟಿದ ಪ್ರತಿರೋಧಕ ಅಂಶವನ್ನು ಬೇರ್ಪಡಿಸಿ ಮಾಡಿದ ಔಷಧ. ದೇಶಕ್ಕೆ ಬೇಕಾದ ವಿಷದ ಬಹುಪಾಲು ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ, 1978ರಲ್ಲಿ ಶುರುವಾದದ್ದು. ಹಾವು ಹಿಡಿದು ಬದುಕುತ್ತಿದ್ದ ಜನರ ಕೈಚಳಕ ಇವತ್ತು ನಮ್ಮ ಹಿತ್ತಿಲಿನ ನಾಯಿಯನ್ನೂ ಕಾಯುತ್ತಿದೆ.

ಡೋಸಿನ ವಿಷಯದಲ್ಲಿ ಹೆಚ್ಚಿನವರು ಎಡವುತ್ತಾರೆ. ನಾಯಿ ಚಿಕ್ಕದು, ಅರ್ಧ ವಯಲ್ ಸಾಕಲ್ವಾ ಅಂತ ಕೇಳುತ್ತೇವೆ. ಇಲ್ಲ. ಔಷಧಿ ಹೊಡೆದಾಡುವುದು ವಿಷದ ಜತೆ, ನಾಯಿಯ ತೂಕದ ಜತೆಗಲ್ಲ. ಹಾವು ಐದು ಕೆಜಿ ನಾಯಿಗೆ ಕಡಿಮೆ ವಿಷ ಬಿಡುವುದಿಲ್ಲ. ಹತ್ತು ಮಿಲಿಲೀಟರಿನ ಒಂದು ವಯಲ್ ನಾಗರ ಅಥವಾ ಕೊಳಕುಮಂಡಲದ 6 ಮಿಲಿಗ್ರಾಂ ವಿಷವನ್ನು, ಕಟ್ಟುಹಾವು ಅಥವಾ ಗರಗಸ ಮಂಡಲದ 4.5 ಮಿಲಿಗ್ರಾಂ ವಿಷವನ್ನು ನಿಷ್ಕ್ರಿಯ ಮಾಡುತ್ತದೆ. ದೊಡ್ಡ ಕೊಳಕುಮಂಡಲ ಒಂದು ಕಡಿತಕ್ಕೆ ಅದರ ಹತ್ತು ಪಟ್ಟು ಬಿಡಬಹುದು. ಮನುಷ್ಯರಿಗೆ ಶುರುವಿನಲ್ಲೇ ಎಂಟು, ಹತ್ತು ವಯಲ್ ಏರಿಸುವುದು ಇದೇ ಲೆಕ್ಕದಲ್ಲಿ. ನಾಯಿಗಳಿಗೆ ಖರ್ಚು ಮತ್ತು ದಾಸ್ತಾನು ನೋಡಿ ಒಂದೆರಡರಿಂದ ಶುರು ಮಾಡಿ, ರಕ್ತ ಪರೀಕ್ಷೆ ನೋಡಿಕೊಂಡು ಮುಂದುವರಿಸುವವರು ಜಾಸ್ತಿ. ಚಿಕ್ಕ ನಾಯಿಗೆ ಬದಲಾಗುವುದು ಜತೆಗೆ ಏರಿಸುವ ಸಲೈನಿನ ಪ್ರಮಾಣ. ಆರು ಗಂಟೆ ಬಿಟ್ಟು ಮತ್ತೆ ಟ್ಯೂಬ್ ಪರೀಕ್ಷೆ ಮಾಡುತ್ತಾರೆ. ಲಿವರ್ ಹೊಸದಾಗಿ ಹೆಪ್ಪುಗಟ್ಟಿಸುವ ಅಂಶ ತಯಾರಿಸಲು ಅಷ್ಟು ಹೊತ್ತು ಬೇಕು. ಆದ್ದರಿಂದ ಒಂದೇ ಗಂಟೆಗೆ "ಇನ್ನೂ ಸರಿಹೋಗಿಲ್ಲವಲ್ಲ ಡಾಕ್ಟ್ರೇ" ಅಂತ ಅವರನ್ನು ಒತ್ತಾಯಿಸಬೇಡಿ.

ಇದನ್ನು ಮನೆಯಲ್ಲಿ ಕೊಡಲು ಯಾಕೆ ಆಗುವುದಿಲ್ಲ ಅಂದರೆ, ಕುದುರೆಯ ಪ್ರೋಟೀನು ಕೆಲವು ಪ್ರಾಣಿಗಳಿಗೆ ಒಗ್ಗುವುದಿಲ್ಲ. ಡ್ರಿಪ್ ಶುರುವಾದ ಕೆಲವೇ ನಿಮಿಷದಲ್ಲಿ ನಡುಕ, ವಾಂತಿ, ಮೈಮೇಲೆ ದದ್ದು, ರಕ್ತದೊತ್ತಡ ಕುಸಿತ ಎಲ್ಲ ಬರಬಹುದು. ಆಗ ಅಡ್ರಿನಲಿನ್ ಕೈಯಲ್ಲೇ ಇರಬೇಕು. ಅಲರ್ಜಿ ಇಂಜೆಕ್ಷನ್, ಸ್ಟೀರಾಯ್ಡ್ ಎರಡೂ ಆ ಪ್ರತಿಕ್ರಿಯೆಗೆ ಬಳಕೆಯಾಗುವಂಥವು, ಹಾವಿನ ವಿಷಕ್ಕೆ ಅವು ಮದ್ದಲ್ಲ. ಇವೆರಡನ್ನೇ ಚುಚ್ಚಿ ಮನೆಗೆ ಕಳಿಸಿದರೆ ಬೇರೆ ಕಡೆ ಹೊರಡಿ.

ನಾಗರದ ಕಡಿತಕ್ಕೆ ಏಎಸ್‌ವಿ ಜತೆ ಅಟ್ರೊಪಿನ್, ನಿಯೋಸ್ಟಿಗ್ಮಿನ್ ಕೊಡುತ್ತಾರೆ, ಜೋತ ರೆಪ್ಪೆ ಅರ್ಧ ಗಂಟೆಯಲ್ಲೇ ಮೇಲೇಳುವುದುಂಟು. ಕಟ್ಟುಹಾವಿನದ್ದಕ್ಕೆ ಅದು ಅಷ್ಟಾಗಿ ಫಲಿಸುವುದಿಲ್ಲ. ಅಲ್ಲಿ ಉಸಿರಿನ ನಳಿಕೆಗೆ ಟ್ಯೂಬ್ ಹಾಕಿ ಚೀಲ ಒತ್ತುತ್ತಾ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಉಸಿರು ಕೊಡಬೇಕಾಗುತ್ತದೆ. ಚೀಲ ಒತ್ತಲು ಮನೆಯವರೂ ಸರದಿ ಹಾಕಿಕೊಳ್ಳಿ. ಸತ್ತಂತೆ ಮಲಗಿದ ನಾಯಿಗೆ ಒಳಗೆ ಎಚ್ಚರ ಇರಬಹುದು, ಹೆಸರು ಹಿಡಿದು ಮಾತಾಡಿಸುತ್ತಿರಿ.

ಮಲೆನಾಡಿನವರಿಗೆ ಒಂದು ಮಾತು. ಕಾಳಿಂಗ ಸರ್ಪ ಮತ್ತು ಗುಳಿಮಂಡಲಗಳ ವಿಷ ಈ ಔಷಧಿಯ ಲೆಕ್ಕದಲ್ಲಿ ಇಲ್ಲ, ಇದು ಆ ನಾಲ್ಕು ಹಾವಿಗಷ್ಟೇ ಮಾಡಿದ್ದು. ಆ ನಾಲ್ಕರಲ್ಲೂ ಊರಿಂದೂರಿಗೆ ವಿಷ ಬೇರೆಯಾಗುತ್ತದೆ ಅಂತ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ತೋರಿಸಿದ್ದಾರೆ. ಗುಳಿಮಂಡಲ ಕಚ್ಚಿದರೆ ಡ್ರಿಪ್, ನೋವು ತಡೆಯುವುದು, ಗಾಯದ ಆರೈಕೆ ಇವೇ ಚಿಕಿತ್ಸೆ. ಅದಕ್ಕೂ ಆಸ್ಪತ್ರೆಯೇ ಬೇಕು.

ಬೆಕ್ಕಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಚಿಕಿತ್ಸೆ ಇದೇ. ಕಷ್ಟ ಇರುವುದು ಹುಡುಕುವುದರಲ್ಲಿ. ಹಾವು ಕಚ್ಚಿದ ಬೆಕ್ಕು ಮಂಚದ ಕೆಳಗೋ ಅಟ್ಟದ ಮೇಲೋ ಹೋಗಿ ಅಡಗುತ್ತದೆ, ಒಂದು ದಿನ ಆದಮೇಲೆ ಕೈಗೆ ಸಿಗುತ್ತದೆ. ಊಟಕ್ಕೆ ಬಾರದ ಬೆಕ್ಕನ್ನು ಆ ಹೊತ್ತಿಗೇ ಹುಡುಕಿ, ಊತ, ನೋವು ಇದೆಯಾ ಅಂತ ಮುಂಗಾಲಿನ ಪಂಜ ಒತ್ತಿ ನೋಡಿ.

ಮನೆಗೆ ಬಂದ ಮೇಲೆ

ಮೊದಲ ಮೂರು ದಿನ ಮೂತ್ರದ ಮೇಲೆ ಕಣ್ಣಿರಲಿ. ಬಣ್ಣ ಕೆಂಪಾದರೆ, ಮೂತ್ರವೇ ಕಡಿಮೆಯಾದರೆ, ವಾಂತಿ ಶುರುವಾದರೆ ಕಿಡ್ನಿಗೆ ಪೆಟ್ಟು ಬಿದ್ದಿರಬಹುದು, ತಡ ಮಾಡದೆ ತೋರಿಸಿ. ಕಿಡ್ನಿ ಹೇಗಿದೆ ಅಂತ ತಿಳಿಸುವ ರಕ್ತದ ಕ್ರಿಯಾಟಿನಿನ್ ಪರೀಕ್ಷೆಗೆ ಡಾಕ್ಟರ್ ಬರಹೇಳಿದ ದಿನ ತಪ್ಪಿಸಬೇಡಿ. ನಾಯಿ ಬಾಲ ಆಡಿಸುತ್ತಿದೆ ಅಂತ ನಾನು ಒಂದು ದಿನ ತಪ್ಪಿಸಿದ್ದೆ, ಆಮೇಲೆ ಹೋದಾಗ ಅಂಕಿ ಏರಿತ್ತು, ಮತ್ತೆ ಮೂರು ದಿನ ಡ್ರಿಪ್ ಏರಿಸಬೇಕಾಯಿತು.

ಗಾಯ ನಾಲ್ಕೈದು ದಿನಕ್ಕೆ ಕಪ್ಪಗಾಗಿ ಚರ್ಮ ಕಳಚಿ ಬೀಳಬಹುದು. ನೋಡಿದರೆ ಎದೆ ಝಲ್ ಅನ್ನುತ್ತದೆ. ಸತ್ತ ಚರ್ಮವನ್ನು ನೀವು ಕೀಳಬೇಡಿ. ಸಲೈನ್ ಅಥವಾ ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ದಿನಕ್ಕೆ ಎರಡು ಸಲ ತೊಳೆದು, ಡಾಕ್ಟರ್ ಕೊಟ್ಟ ಮುಲಾಮು ಹಚ್ಚಿ. ನೊಣ ಕೂತರೆ ಹುಳ ಬೀಳುತ್ತದೆ, ಸೊಳ್ಳೆಪರದೆಯೊಳಗೆ ಮಲಗಿಸಿದರೂ ಆದೀತು. ಬಾಯಿ ಊದಿದ್ದಾಗ ಕರಿಯನಿಗೆ ತಿಳಿಯಾಗಿ ಕಲಸಿದ ಅನ್ನ, ಕೋಳಿ ಬೇಯಿಸಿದ ನೀರು ಕೊಟ್ಟೆವು, ಈರುಳ್ಳಿ ಬೆಳ್ಳುಳ್ಳಿ ಹಾಕದೆ. ಎರಡು ವಾರ ಓಟ, ಆಟ ಇಲ್ಲ. ಒಂದೆರಡು ವಾರದಲ್ಲಿ ಜ್ವರ, ಕೀಲುನೋವು ಬಂದರೆ ಅದು ಏಎಸ್‌ವಿಯ ತಡವಾದ ಪ್ರತಿಕ್ರಿಯೆ ಇರಬಹುದು. ಏಎಸ್‌ವಿ ಕೊಟ್ಟ ಚೀಟಿ ಜೋಪಾನ ಮಾಡಿ. ಮುಂದೆ ಮತ್ತೆ ಬೇಕಾದರೆ ಒಗ್ಗದಿರುವ ಸಾಧ್ಯತೆ ಜಾಸ್ತಿ, ಹೊಸ ಡಾಕ್ಟರಿಗೆ ಅದು ಗೊತ್ತಿರಬೇಕು.

ಕೋಳಿಯ ವಿಷಯ ಬೇರೆ

ಒಂದೂವರೆ ಕೆಜಿ ಮೈಗೆ ನಾಗರಹಾವಿನ ಪೂರ್ತಿ ಕಡಿತ ಬಿದ್ದರೆ ನಾವು ನೋಡುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಹೆಚ್ಚಾಗಿ ಸಾಯುವುದು ಕಾವಿಗೆ ಕೂತ ಹ್ಯಾಟೆ. ಹಾವು ಬರುವುದು ಮೊಟ್ಟೆಗೆ, ಮರಿಗೆ, ಇಲಿಗೆ. ಆದರೆ ತಾಯಿ ಜಾಗ ಬಿಟ್ಟು ಏಳುವುದಿಲ್ಲ, ಕುಕ್ಕಲು ಹೋಗುತ್ತದೆ, ಕಚ್ಚಿಸಿಕೊಳ್ಳುತ್ತದೆ.

ಸತ್ತ ಕೋಳಿ ನೋಡಿ ಹಾವೇ ಅಂದುಬಿಡಬೇಡಿ. ಗರಿ ಚೆಲ್ಲಾಡಿ, ಕತ್ತು ಕಡಿದು, ರಕ್ತ ಹರಿದಿದ್ದರೆ ಮುಂಗುಸಿ ಅಥವಾ ಕಾಡುಬೆಕ್ಕಿನ ಕೆಲಸ. ಮರಿಯ ತಲೆ, ಕತ್ತಿನ ಗರಿ ಮಾತ್ರ ಜೊಲ್ಲಿನಿಂದ ಒದ್ದೆಯಾಗಿ ಅಂಟಿಕೊಂಡಿದ್ದರೆ ಹಾವು ನುಂಗಲು ನೋಡಿ ಬಿಟ್ಟುಹೋಗಿದೆ. ಒಂದೇ ದಿನ ನಾಲ್ಕೈದು ಕೋಳಿ ಸತ್ತರೆ ಕೊಕ್ಕರೆ ರೋಗವನ್ನೋ ಔಷಧಿ ಹಾಕಿದ ಬಿತ್ತನೆ ಕಾಳನ್ನೋ ಅನುಮಾನಿಸಿ. ಕೊಳೆತದ್ದರ ಹುಳ ತಿಂದ ಕೋಳಿಗಳಿಗೂ ಕತ್ತು ಜೋಲುತ್ತದೆ, ನಾಗರ ಕಚ್ಚಿದಂತೆಯೇ ಕಾಣುತ್ತದೆ.

ಕಚ್ಚಿಸಿಕೊಂಡು ಅರ್ಧ ಗಂಟೆ ದಾಟಿಯೂ ಉಸಿರಾಡುತ್ತಿದ್ದರೆ ವಿಷ ಕಡಿಮೆ ಬಿದ್ದಿದೆ ಅಂತ ಆಸೆ ಇಟ್ಟುಕೊಳ್ಳಬಹುದು. ಉಳಿದ ಕೋಳಿಗಳಿಂದ ಬೇರೆ ಮಾಡಿ, ಇಲ್ಲದಿದ್ದರೆ ಊದಿದ ಜಾಗವನ್ನೇ ಅವು ಕುಕ್ಕುತ್ತವೆ. ರಟ್ಟಿನ ಡಬ್ಬಿಗೆ ಹಳೇ ಬಟ್ಟೆ ಹಾಸಿ, ಮಬ್ಬುಗತ್ತಲೆಯ ಬೆಚ್ಚಗಿನ ಜಾಗದಲ್ಲಿಡಿ. ಕತ್ತು ಎತ್ತುವ ಶಕ್ತಿ ಇದ್ದರೆ ಮಾತ್ರ ಕೊಕ್ಕಿನ ಅಂಚಿಗೆ ಒಂದೊಂದೇ ಹನಿ ಓಆರ್‌ಎಸ್ ನೀರು ಮುಟ್ಟಿಸಿ, ತಾನೇ ನೆಕ್ಕಲಿ. ಕಾಳು ತುರುಕಬೇಡಿ. ಕೋಳಿಗೆ ಏಎಸ್‌ವಿ ಕೊಡಲು ಆಗುವುದೇ ಇಲ್ಲ ಅಂತಲ್ಲ, ರೆಕ್ಕೆಯ ಅಡಿಯ ನರಕ್ಕೆ ಕೊಡಬಹುದು, ಆದರೆ ಅಷ್ಟು ದ್ರವವನ್ನು ಆ ಪುಟ್ಟ ಮೈ ತಡೆಯಬೇಕು, ಹೊತ್ತೂ ಮೀರಿರುತ್ತದೆ. ನೋವಿಗೆ, ಸೋಂಕಿಗೆ ಡಾಕ್ಟರ್ ಔಷಧಿ ಕೊಡುತ್ತಾರೆ.

ಒಂದೆರಡು ದಿನಕ್ಕೆ ಊತದ ಜಾಗ ಹಸಿರಾಗುತ್ತದೆ. ಕೊಳೆಯಿತು ಅಂತ ಹೆದರಬೇಡಿ, ಹಕ್ಕಿಗಳಲ್ಲಿ ಒಳಗೆ ಕಟ್ಟಿದ ರಕ್ತ ಹಸಿರು ಬಣ್ಣಕ್ಕೆ ತಿರುಗುವುದು ಸಹಜ. ಕಪ್ಪಗಾಗಿ, ಒಣಗಿ, ವಾಸನೆ ಬಂದರೆ ಮಾತ್ರ ಕೊಳೆತ. ಔಷಧಿ ನಡೆಯುವಾಗ ಆ ಕೋಳಿಯ ಮೊಟ್ಟೆ ತಿನ್ನಬೇಡಿ, ಎಷ್ಟು ದಿನ ಅಂತ ಡಾಕ್ಟರನ್ನು ಕೇಳಿ. ಸಾಯುತ್ತದೆ ಅಂತ ಕುಯ್ದು ಸಾರು ಮಾಡುವುದೂ ಬೇಡ. ಸತ್ತರೆ ಎರಡು ಅಡಿ ಆಳಕ್ಕೆ ಹೂಳಿ.

ಕೋಳಿಗೆ ಗೂಡೇ ಚಿಕಿತ್ಸೆ

ನಮ್ಮಲ್ಲಿ ಎಲ್ಲರೂ ಹಾಕುವ ಆರುಮೂಲೆ ಕೋಳಿ ಮೆಶ್ ಹಾವನ್ನು ತಡೆಯುವುದಿಲ್ಲ. ಕಾಲು ಇಂಚಿನ ಚೌಕದ ಗಟ್ಟಿ ಕಬ್ಬಿಣದ ಮೆಶ್ ಬೇಕು. ಅರ್ಧ ಇಂಚಿನಲ್ಲಿ ಮರಿಹಾವು ಸಲೀಸಾಗಿ ತೂರುತ್ತದೆ, ಮರಿಗೂ ವಿಷ ಇರುತ್ತದೆ. ನೈಲಾನ್ ಬಲೆ ಮಾತ್ರ ಬೇಡವೇ ಬೇಡ, ಹಾವು ಅದರಲ್ಲಿ ಸಿಕ್ಕಿಕೊಂಡು ಅಲ್ಲೇ ಬಿದ್ದಿರುತ್ತದೆ, ಬೆಳಗ್ಗೆ ಕೋಳಿಯೂ ನಿಮ್ಮ ಕೈಯೂ ಅದರ ಹತ್ತಿರ ಹೋಗುತ್ತವೆ. ಗೂಡು ನೆಲದಿಂದ ಎರಡಡಿ ಮೇಲಿರಲಿ. ಬಾಗಿಲು ಮುಚ್ಚಿದ ಮೇಲೆ ಸುತ್ತ ಒಂದು ಪೆನ್ಸಿಲ್ ತೂರಿಸಿ ನೋಡಿ. ಪೆನ್ಸಿಲ್ ಹೋದ ಕಡೆಗೆಲ್ಲ ಪಟ್ಟಿ ಹೊಡೆಯಿರಿ.

ಹಾವನ್ನು ಕರೆಯುವುದು ಇಲಿ, ಇಲಿಯನ್ನು ಕರೆಯುವುದು ಚೆಲ್ಲಿದ ಕಾಳು. ಸಂಜೆ ಮೇವಿನ ತಟ್ಟೆ ಎತ್ತಿಡಿ, ಜೋಳದ ಚೀಲ ಮುಚ್ಚಳದ ಡ್ರಮ್ಮಿಗೆ ಹೋಗಲಿ, ಮೊಟ್ಟೆಯನ್ನು ಕತ್ತಲಾಗುವ ಮೊದಲು ತೆಗೆಯಿರಿ. ಸೌದೆ, ಹಂಚು, ಸಿಪ್ಪೆಯ ರಾಶಿ ಗೂಡಿನ ಪಕ್ಕ ಬೇಡ. ನಮ್ಮ ಸಿಪ್ಪೆ ರಾಶಿ ಈಗ ತೋಟದ ಆ ತುದಿಯಲ್ಲಿದೆ. ಫಿನಾಯಿಲ್, ಗಂಧಕ, ಬೆಳ್ಳುಳ್ಳಿ ನೀರು, ಹಾವು ಓಡಿಸುವ ಪುಡಿ ಇದಕ್ಕೆಲ್ಲ ಹಣ ಹಾಕಬೇಡಿ, ಆ ದುಡ್ಡಿಗೆ ಮೆಶ್ ಬರುತ್ತದೆ. ಗಿನಿ ಕೋಳಿ ಸಾಕಿದರೆ ಹಾವು ಕಂಡಾಗ ಊರೆಲ್ಲ ಕೇಳುವ ಹಾಗೆ ಕೂಗುತ್ತವೆ, ಅಷ್ಟು ಉಪಕಾರ ಖಂಡಿತ ಇದೆ. ನಾಯಿಯನ್ನು ಕತ್ತಲಾದ ಮೇಲೆ ಹಗ್ಗ ಹಿಡಿದು, ಟಾರ್ಚ್ ಹಾಕಿಯೇ ಹೊರಗೆ ಕರೆದೊಯ್ಯಿರಿ.

ಕೋಳಿ ಗೂಡಿನಲ್ಲಿ ಹಾವು ಕಂಡರೆ ಕೋಲು ಹುಡುಕಬೇಡಿ. ಕೋಳಿಗಳನ್ನು ಹೊರಗೆ ಬಿಟ್ಟು, ದೂರದಿಂದ ಕಣ್ಣಿಟ್ಟು, ಹಾವು ಹಿಡಿಯುವವರನ್ನೋ ಅರಣ್ಯ ಇಲಾಖೆಯವರನ್ನೋ ಕರೆಯಿರಿ. ಮೊಟ್ಟೆ ತೆಗೆಯಲು ಮಕ್ಕಳನ್ನು ಕಳಿಸುವ ಮನೆಗಳು ಇವೆ, ನಮ್ಮದೂ ಹಾಗೇ ಇತ್ತು. ಈಗ ಗೂಡಿನ ಬಾಗಿಲಿಗೆ ಒಂದು ಟಾರ್ಚ್ ನೇತುಹಾಕಿದ್ದೇವೆ. ಬೆಳಕು ಬಿಟ್ಟು, ಹುಲ್ಲನ್ನು ಕೋಲಿನಿಂದ ಸರಿಸಿ, ಆಮೇಲೆ ಕೈ. ಹಾಗೂ ಮನುಷ್ಯರಿಗೇ ಕಚ್ಚಿತು ಅಂದರೆ ನಾಯಿ, ಕೋಳಿ ಎಲ್ಲ ಅಲ್ಲೇ ಬಿಟ್ಟು 108ಕ್ಕೆ ಕರೆ ಮಾಡಿ. 2024ರ ಫೆಬ್ರವರಿಯಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರ‌ಕ್ಕೆ ವರದಿ ಮಾಡಲೇಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಇದರ ಚಿಕಿತ್ಸೆ ಸಿಗುತ್ತದೆ. ಟಾರ್ಚಿನ ಪಕ್ಕದಲ್ಲೇ ಬಾಗಿಲಿಗೆ ಬಣ್ಣದಲ್ಲಿ ನಾಲ್ಕು ನಂಬರ್ ಬರೆಸಿದ್ದೇವೆ: 108, 1962, ಏಎಸ್‌ವಿ ಇಡುವ ಡಾಕ್ಟರದ್ದು, ಹಾವು ಹಿಡಿಯುವವರದ್ದು.